ಪಿಯುಸಿ ಆದ ಮೇಲೆ ಬಿಎಸ್‌ಡಬ್ಲ್ಯೂ

ಮುಂದೇನು ಎಂದು ಕೇಳಿದವರಿಗೆ ನಾನು ಬಿಎಸ್‌ಡಬ್ಲ್ಯೂ ಎನ್ನುತ್ತೇನೆ. "ಅದೇನಮ್ಮ?" ಎನ್ನುವವರೇ ಹೆಚ್ಚು. ಅದು ಸಮಾಜಕಾರ್ಯದ ಪದವಿ. ತರಗತಿಯ ಪಾಠದ ಜೊತೆಗೆ ಅಂಗನವಾಡಿ, ಶಾಲೆ, ಬಾಲಮಂದಿರಗಳಿಗೆ ಹೋಗಿ ಕೆಲಸ ಕಲಿತು ವರದಿ ಬರೆಯಬೇಕು. ಮಕ್ಕಳೆಂದರೆ ಇಷ್ಟ ಎಂದರಷ್ಟೇ ಸಾಲದು. 2012ರ ಪೋಕ್ಸೊ, 2015ರ ಬಾಲನ್ಯಾಯ ಕಾಯ್ದೆಗಳೂ ಗೊತ್ತಿರಬೇಕು. ಅವುಗಳ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅಂದರೆ ನಮ್ಮಲ್ಲೂ ಹೆಚ್ಚಿನವರು!

ಅಬ್ಬಾಗೆ ನಾನು ಬಿ.ಕಾಂ. ಓದಬೇಕೆಂಬ ಆಸೆ. "ಸಂಬಳ ಎಷ್ಟು ಸಿಗುತ್ತದೆ?" ಎಂಬ ಅವರ ಪ್ರಶ್ನೆ ತಪ್ಪಲ್ಲ, ಆರಂಭದಲ್ಲಿ ಕಡಿಮೆಯೇ. ಆದರೆ ನಮ್ಮ ಬೀದಿಯ ಹುಡುಗನೊಬ್ಬ ಏಳನೇ ತರಗತಿ ಬಿಟ್ಟು ಗ್ಯಾರೇಜ್ ಸೇರಿದಾಗ ಯಾರನ್ನು ಕೇಳಬೇಕೆಂದು ಅವನ ಮನೆಯವರಿಗೆ ಗೊತ್ತಿರಲಿಲ್ಲ. 1098 ಸಹಾಯವಾಣಿ ಇದೆ, ನಿಜ. ಕರೆ ಬಂದಾಗ ಮನೆ ಬಾಗಿಲಿಗೆ ಹೋಗಿ ಮಾತಾಡಲು ಕಲಿತವರು ಬೇಕಲ್ಲ? ಅವರಲ್ಲಿ ನಾನೂ ಒಬ್ಬಳಾಗಬೇಕು. ಅಬ್ಬಾ ಇನ್ನೂ ಒಪ್ಪಿಲ್ಲ. ಆದರೆ ಬೇಡ ಎಂದೂ ಹೇಳಿಲ್ಲ.