ಗೆರಿ ಡೊಂಕ ಕಾಣತಾವ ಅಂದಿದ್ದ ತಮ್ಮ

ನನ್ನ ತಮ್ಮಗ ಸ್ಕಿಜೋಫ್ರೇನಿಯಾ ಐತಿ. "ತಲಿ ಸರಿಯಿಲ್ಲ" ಅಂತ ಮಂದಿ ಅನ್ನೂದು ಕೇಳಿ ಕೇಳಿ ಸಾಕಾಗೇತಿ, ಅದಕ್ಕ ಈ ಸಲ ಹೆಸರು ಹಿಡದ ಬರದೇನಿ. ಜಗತ್ತಿನಾಗ ಸುಮಾರು 300 ಮಂದಿಯೊಳಗ ಒಬ್ಬರಿಗೆ ಈ ಬ್ಯಾನಿ ಇರತೈತಂತ. ನಿಮ್ಮ ಬಳಗದಾಗೂ ಒಬ್ಬರು ಇರಬಹುದು.

ದೀಪಾವಳಿ ಮುಂದ ಅವ ಒಂದ ಮಾತು ಹಿಡದಿದ್ದ. "ಅಕ್ಕಾ, ಪೇಪರಿನ ಸಾಲು ಡೊಂಕ ಆಗ್ಯಾವ. ಕಿಡಕಿ ಸರಳು ಬಾಗ್ಯಾವ." ನಾ ಚಪಾತಿ ಲಟ್ಟಿಸ್ಕೋತ, "ಗುಳಿಗಿ ತಗೊಂಡಿಯೇನೋ?" ಅಂದೆ. ಅಷ್ಟ. ಅವ ಏನು ಹೇಳಿದ್ರೂ ಬ್ಯಾನಿನ ಮಾತಾಡಸತೈತಿ ಅನ್ನೂದು ನಮಗ ರೂಢಿ ಆಗಿತ್ತು. ಎರಡು ತಿಂಗಳು ಹಂಗ ಕಳೀತು. ಒಂದಿನ ಚಹಾನ ಕಪ್ಪಿನ ಹೊರಗ ಸುರುವಿದ. ಆಗ ನನ್ನ ಎದಿ ಝಲ್ ಅಂತು.

ಕಣ್ಣಿನ ಡಾಕ್ಟರು ಓಸಿಟಿ ಸ್ಕ್ಯಾನ್ ಮಾಡಬೇಕಂದ್ರು. ಮಿಶಿನ್ ನೋಡಿ ತಮ್ಮ ಹಿಂದ ಸರದ. "ಇದು ನನ್ನ ತಲಿಯೊಳಗ ನೋಡತೈತಿ" ಅಂದ. ಡಾಕ್ಟರಮ್ಮ ನಗಲಿಲ್ಲ. ಸ್ಟೂಲ್ ಎಳಕೊಂಡು ಅವನ ಎದರು ಕುಂತ್ರು. "ಇದು ಬರೇ ಬೆಳಕ್ರಿ. ಗದ್ದ ಇಟ್ಟು ಒಂದು ಗುರುತು ನೋಡ್ರಿ, ಕೆಲವು ಸೆಕೆಂಡ್ ಸಾಕು. ಕಣ್ಣಿನ ಹಿಂದಿನ ಪರದೆ ಕಾಣತೈತಿ, ನಿಮ್ಮ ವಿಚಾರ ಕಾಣೂದಿಲ್ಲ" ಅಂದ್ರು. ಆಮ್ಯಾಲೆ ಗದ್ದ ಇಟ್ಟ.

ಚಿತ್ರದಾಗ ರೆಟಿನಾ ಅಂದ್ರ ಚಿರೋಟಿ ಪದರಿನಂಗ ಒಂದರ ಮ್ಯಾಲೊಂದು. ನಡುವ ನೀರು ತುಂಬಿ ಉಬ್ಬಿತ್ತು. ಸಕ್ಕರಿ ಬ್ಯಾನಿಯಿಂದ ಆದ ಬಾವು ಅದು. ಅವನು ತಗೊಳ್ಳೂ ಗುಳಿಗಿ ಜಾತಿಯೊಳಗ ಕೆಲವು ತೂಕಾನೂ ಸಕ್ಕರಿನೂ ಏರಸತಾವಂತ. ಗೆರಿ ಅವಗ ಖರೇನ ಡೊಂಕ ಕಾಣತಿದ್ದುವು!

ನಾ ಮೆಲ್ಲಕ ಕೇಳಿದೆ: "ಮೇಡಂ, ಅವನ ಆ ಬ್ಯಾನಿನೂ ಇದರಾಗ ಕಾಣತೈತೇನ್ರಿ?" ಕಾಣಲಿ ಅಂತ ಆಸೆ ಇತ್ತು ನನಗ. ಒಂದು ಫೋಟೋ ಇದ್ದಿದ್ರ "ಮೈಗಳ್ಳ", "ದೆವ್ವ ಬಡದೈತಿ" ಅನ್ನವರ ಬಾಯಿ ಮುಚ್ಚಸಬಹುದಿತ್ತು.

ಅವರು ಬಿಡಿಸಿ ಹೇಳಿದ್ರು. ಕೂಸು ಹೊಟ್ಯಾಗ ಬೆಳಿಯೂ ಮುಂದ ರೆಟಿನಾ ಮೆದುಳಿನಿಂದನ ಹುಟ್ಟತೈತಿ. ಅದಕ್ಕ ಸಂಶೋಧಕರು ಕಣ್ಣಿನಾಗ ಹುಡುಕಾಕತ್ತಾರ, ಬೆಂಗಳೂರಿನ ನಿಮ್ಹಾನ್ಸ್‌ನಾಗೂ ಇಂಥ ಅಭ್ಯಾಸ ಆಗ್ಯಾವ. ಸ್ಕಿಜೋಫ್ರೇನಿಯಾ ಇದ್ದವರ ಗುಂಪಿನಾಗ ನರದ ಎಳಿಗಳ ಪದರ ಸರಾಸರಿ ಚೂರು ತೆಳ್ಳಗ ಕಂಡೈತಿ. ಆ ಫರಕು ಅಂದ್ರ ಒಂದು ಮಿಲಿಮೀಟರಿನ 1000 ಪಾಲಿನಾಗ ಕೆಲವ ಪಾಲು. ಸಕ್ಕರಿ, ಬಿಪಿ, ಸಿಗರೇಟು, ವಯಸ್ಸು ಇವೂ ರೆಟಿನಾ ಬದಲಸತಾವ. ಹಿಂಗಾಗಿ ಒಬ್ಬರ ಸ್ಕ್ಯಾನ್ ನೋಡಿ ಈ ಬ್ಯಾನಿ ಐತಿ, ಇಲ್ಲ ಅನ್ನಾಕ ಬರೂದಿಲ್ಲ.

ನಾ ಬಯಸಿದ ಫೋಟೋ ಸಿಗಲಿಲ್ಲ. ಮನಿಗೆ ಬರೂ ಬಸ್ಸಿನ್ಯಾಗ ತಮ್ಮ ಕೇಳಿದ, "ನಾ ಸುಳ್ಳ ಹೇಳಿರಲಿಲ್ಲಲ್ಲಾ ಅಕ್ಕಾ?" ಏನು ಹೇಳಬೇಕು ತಿಳೀಲಿಲ್ಲ, ಅವನ ಕೈ ಹಿಡಕೊಂಡೆ.

ಕಣ್ಣಿಗೆ ಮೂರು ಇಂಜೆಕ್ಷನ್ ಆಗ್ಯಾವ. ಪೇಪರು ಓದತಾನ, ಗೆರಿ ಇನ್ನೂ ಪೂರಾ ನೆಟ್ಟಗಾಗಿಲ್ಲ. ಲಗೂನ ಬಂದಿದ್ರ ಚಲೋ ಇತ್ತು ಅಂದ್ರು ಡಾಕ್ಟರಮ್ಮ. ಆ ಎರಡು ತಿಂಗಳು ನನ್ನ ಲೆಕ್ಕದಾಗ ಹೋದುವು.

ನಿಮ್ಮನ್ಯಾಗ ಇಂಥವರು ಇದ್ದರ ಗುಳಿಗಿ ನಿಲ್ಲಸಬ್ಯಾಡ್ರಿ. ಸಕ್ಕರಿ ತಪ್ಪದ ತಪಾಸ ಮಾಡಸ್ರಿ, ಸಕ್ಕರಿ ಇದ್ದರ ವರ್ಷಕ್ಕೊಮ್ಮೆ ಕಣ್ಣು ತೋರಸ್ರಿ. ಕಣ್ಣು, ಹಲ್ಲು, ಹೊಟ್ಟಿ ನೋವು ಅಂದ್ರ ಮೊದಲ ಆ ನೋವು ನೋಡ್ರಿ. "ಗುಳಿಗಿ ತಗೊಂಡಿಯೇನು" ಅಂತ ಆಮ್ಯಾಲೆ ಕೇಳಿದ್ರ ನಡೀತೈತಿ.