ಒಪ್ಪಿಸುವುದು

ಕನ್ನಡದಲ್ಲಿ 'ಒಪ್ಪಿಸು' ಎಂಬುದೊಂದು ಅರ್ಥಪುಷ್ಟಿಯುಳ್ಳ ಕ್ರಿಯಾಪದವಿದೆ. ಶಾಲೆಯ ಮಕ್ಕಳು ಗುರುಗಳ ಮುಂದೆ ನಿಂತು ಪಾಠ ಒಪ್ಪಿಸುತ್ತಾರೆ. ಗುಮಾಸ್ತನು ವರ್ಷದ ಕೊನೆಗೆ ಯಜಮಾನನಿಗೆ ಲೆಕ್ಕ ಒಪ್ಪಿಸುತ್ತಾನೆ. ಊರಿಗೆ ಹೊರಟವನು ಮನೆಯ ಬೀಗದ ಕೈಯನ್ನು ನೆರೆಯವರಿಗೆ ಒಪ್ಪಿಸುತ್ತಾನೆ. ನಮ್ಮ ಕ್ರೈಸ್ತ ಮನೆಗಳಲ್ಲಿ ರಾತ್ರಿಯ ಪ್ರಾರ್ಥನೆ ಮುಗಿಯುವುದೂ ಇದೇ ಮಾತಿನಿಂದ. ನಮ್ಮನ್ನೂ ನಮ್ಮವರನ್ನೂ ದೇವರ ಕೈಗೆ ಒಪ್ಪಿಸಿ ದೀಪ ಆರಿಸುತ್ತೇವೆ.

ಕನ್ನಡ ಪಾಠ ಹೇಳಿ ಬದುಕುವವನಾದುದರಿಂದ ನನಗೆ ಪದಗಳನ್ನು ಕೆದಕುವ ಚಾಳಿಯುಂಟು. ಪಾಠ, ಲೆಕ್ಕ, ಬೀಗದ ಕೈ, ಬದುಕು, ಈ ನಾಲ್ಕಕ್ಕೂ ಒಂದೇ ಕ್ರಿಯಾಪದ ಹೇಗೆ ಒದಗಿತು ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಪಾಠ ಒಪ್ಪಿಸಬೇಕಾದರೆ ಮೊದಲು ಕಲಿತಿರಬೇಕು. ಲೆಕ್ಕ ಒಪ್ಪಿಸಬೇಕಾದರೆ ಕಾಸು ಕಾಸಿಗೂ ಬರೆದಿಟ್ಟಿರಬೇಕು. ಹಾಗಿದ್ದ ಮೇಲೆ ಬದುಕನ್ನು ದೇವರಿಗೆ ಒಪ್ಪಿಸುವವನು ಬರಿಗೈಯಲ್ಲಿ ಹೋಗಿ ನಿಲ್ಲಲಾಗದು. ಆದರೂ ದೇವರ ವಿಷಯಕ್ಕೆ ಬಂದಾಗ ನಾವು ಕೈಗೊಪ್ಪಿಸುವುದನ್ನೂ ಕೈಚೆಲ್ಲುವುದನ್ನೂ ಒಂದೇ ಎಂದು ಎಣಿಸಿಬಿಡುತ್ತೇವೆ. ಎರಡರಲ್ಲಿಯೂ ಕೈ ಬರಿದಾಗುತ್ತದೆ, ನಿಜ. ಕೈಚೆಲ್ಲಿದವನ ವಸ್ತು ನೆಲದ ಪಾಲಾಗುತ್ತದೆ. ಕೈಗೊಪ್ಪಿಸಿದವನ ವಸ್ತು ಇನ್ನೊಬ್ಬರ ಕೈ ಸೇರುತ್ತದೆ. ಅಂತರವಿರುವುದು ಅಲ್ಲಿ.

ಈ ಅಂತರವನ್ನು ನನಗೆ ತಿಳಿಯಪಡಿಸಿದವರು ಇಬ್ಬರು. ಒಬ್ಬರನ್ನು ಕನ್ನಡ ಬಲ್ಲವರೆಲ್ಲರೂ ಬಲ್ಲರು. ಇನ್ನೊಬ್ಬರನ್ನು ನಮ್ಮ ಮನೆಯವರ ಹೊರತು ಬಲ್ಲವರು ವಿರಳ.

ಮೊದಲನೆಯವರು ರೆವರೆಂಡ್ ಫರ್ಡಿನೆಂಡ್ ಕಿಟೆಲ್. ಪ್ರತಿ ವರ್ಷ ತರಗತಿಯಲ್ಲಿ ಅವರ ನಿಘಂಟಿನ ಪ್ರಸ್ತಾಪ ಬಂದಾಗ ಒಬ್ಬ ವಿದ್ಯಾರ್ಥಿಯಾದರೂ ಎದ್ದು ನಿಂತು ಕೇಳುತ್ತಾನೆ: "ಸರ್, ಅವರು ಬಂದದ್ದು ಮತಪ್ರಚಾರಕ್ಕಲ್ಲವೆ?" ಕೇಳುವವನಿಗೆ ನಾನು ಕ್ರೈಸ್ತನೆಂಬುದು ಗೊತ್ತಿರುತ್ತದೆ. ಉಳಿದವರು ನನ್ನ ಮುಖ ನೋಡುತ್ತಾರೆ. ನಾನು, "ಹೌದು, ಅದಕ್ಕಾಗಿಯೇ ಬಂದರು" ಎನ್ನುತ್ತೇನೆ. ಸತ್ಯವನ್ನು ಮರೆಮಾಚಿ ಮಹನೀಯರನ್ನು ಕಾಪಾಡಬೇಕಾದ ಅಗತ್ಯವಿಲ್ಲ. ಆದರೆ ಉತ್ತರ ಅಷ್ಟಕ್ಕೇ ಮುಗಿಯುವುದೂ ಇಲ್ಲ.

1832ರಲ್ಲಿ ಉತ್ತರ ಜರ್ಮನಿಯಲ್ಲಿ, ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದ ಕಿಟೆಲ್, ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಭಾರತೀಯರ ನಡುವೆ ಭಾರತೀಯನಂತೆಯೇ ಬಾಳಿ ಸುವಾರ್ತೆ ಸಾರಬೇಕೆಂಬ ಹಂಬಲ ಆ ತರುಣನದು. ಸಂಸ್ಥೆಯ ಹಿರಿಯರಿಗೆ ಆ ಹಂಬಲ ಹಿಡಿಸಲಿಲ್ಲ. ಮುಂದೆ ಅವರು ಕನ್ನಡ ಕಾವ್ಯ, ವ್ಯಾಕರಣಗಳಲ್ಲಿ ಮುಳುಗಿದಾಗಲೂ ಜೊತೆಯವರೆಲ್ಲರಿಗೆ ಅದು ಮೆಚ್ಚುಗೆಯಾಗಲಿಲ್ಲ. 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ'ಯಾಗಿ ಹೊರತಂದರು. 1864ರಲ್ಲಿ ಮೊದಲ ಪತ್ನಿ ತೀರಿಕೊಂಡರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. 1877ರಲ್ಲಿ ಸ್ವದೇಶಕ್ಕೆ ಹೋದವರು ನಿಘಂಟಿನ ಕೆಲಸಕ್ಕೆಂದು 1883ರಲ್ಲಿ ಮರಳಿ ಬಂದರು. ಐವತ್ತು ದಾಟಿದ ಮೇಲೆ, ಹಡಗಿನ ಪಯಣದ ಆಯಾಸವನ್ನೂ ಈ ನೆಲದ ಬಿಸಿಲನ್ನೂ ಬಲ್ಲವರೊಬ್ಬರು ಮಾಡಿದ ನಿರ್ಧಾರವಿದು! ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಬೆಳಕು ಕಂಡಿತು. ಅದಕ್ಕೆ ಎರಡು ವರ್ಷ ಮೊದಲೇ ಅವರು ಭಾರತವನ್ನು ಕೊನೆಯ ಬಾರಿಗೆ ಬಿಟ್ಟುಹೋಗಿದ್ದರು. ಅವರ ಕನ್ನಡ ವ್ಯಾಕರಣ ಅಚ್ಚಾದುದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಅವರು ಕಣ್ಮುಚ್ಚಿದರು.

ಆ ನಿಘಂಟಿನ ಪುಟ ತೆರೆದವರಿಗೆ ಮೊದಲು ಕಾಣುವುದು ಸಂಕ್ಷೇಪಾಕ್ಷರಗಳ ಸಂತೆ. ಈ ಪದ ಜೈಮಿನಿ ಭಾರತದಲ್ಲಿದೆ, ಇದು ಬಸವಪುರಾಣದ್ದು, ಇದು ದಾಸರ ಪದಗಳಲ್ಲಿ ಬಂದದ್ದು, ಇದು ಮೈಸೂರು ಸೀಮೆಯ ಮಾತು, ಇದು ಧಾರವಾಡದ ಕಡೆಯದು, ಇದು ಗಾದೆಯಲ್ಲಿ ಉಳಿದದ್ದು. ಹೀಗೆ ಪದ ಪದಕ್ಕೂ ಗುರುತು. ಸ್ವಂತದ್ದು ಯಾವುದು, ಪರರಿಂದ ಪಡೆದುದು ಯಾವುದು ಎಂಬುದಕ್ಕೆ ಒಪ್ಪಿಸಿದ ಲೆಕ್ಕವದು. ಕ್ರಿಸ್ತನಿಗೆ ಕೈಮುಗಿಯುತ್ತಿದ್ದ ಮನುಷ್ಯ ಶಿವಶರಣರ ಕಥೆಯಲ್ಲಿನ ಪದವನ್ನೂ ಹರಿದಾಸರ ಹಾಡಿನ ಪದವನ್ನೂ ಅಷ್ಟೇ ಶ್ರದ್ಧೆಯಿಂದ ತೂಗಿ ಬರೆದರು. ಇತರ ಮತಗಳ ಬಗೆಗೆ ಅವರು ಬೇರೆಡೆ ಬರೆದುದನ್ನೆಲ್ಲ ಇಂದು ನಾವು ಒಪ್ಪಬೇಕಾಗಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ನಿಘಂಟಿನ ಪುಟದಲ್ಲಿ ಪರರ ಪದದ ತೂಕವನ್ನು ಕಡಿಮೆ ಮಾಡಬಾರದೆಂಬ ಸತ್ಯನಿಷ್ಠೆ ಅವರಲ್ಲಿತ್ತು. ಅವರ ಭಕ್ತಿಯ ಪ್ರಮಾಣಪತ್ರ ನನ್ನ ಪಾಲಿಗೆ ಆ ಸಂಕ್ಷೇಪಾಕ್ಷರಗಳೇ.

ಬಯಸಿ ಬಂದದ್ದು ಒಂದು, ಕೈಗೆ ಬಂದ ಕೆಲಸ ಇನ್ನೊಂದು. ಆ ಕೆಲಸವನ್ನೇ ಅವರು ದೇವರ ಕೆಲಸವೆಂದು ಮಾಡಿ ಮುಗಿಸಿ ಹೊರಟುಹೋದರು. ನೂರಮೂವತ್ತು ವರ್ಷಗಳು ಕಳೆದರೂ ಕನ್ನಡದ ವಿದ್ವಾಂಸರು, ಯಾವ ಮತದವರೇ ಆಗಲಿ, ಆ ಗ್ರಂಥವನ್ನು ತೆರೆಯದೆ ಇರಲಾರರು.

ಇಷ್ಟನ್ನು ಗ್ರಂಥಗಳಿಂದ ತಿಳಿಯಬಹುದು. ಎರಡನೆಯವರನ್ನು ಕುರಿತು ಯಾವ ಗ್ರಂಥವೂ ಇಲ್ಲ. ಅವರು ನನ್ನ ಸೋದರಮಾವ. ಹುಬ್ಬಳ್ಳಿಯ ಒಂದು ಅಚ್ಚುಕೂಟದಲ್ಲಿ ಇಪ್ಪತ್ತೇಳು ವರ್ಷ ಮೊಳೆ ಜೋಡಿಸಿದವರು. ಕನ್ನಡದ ಮೊಳೆ ಜೋಡಿಸುವುದು ಸುಲಭದ ಕಸುಬಲ್ಲ. ಗುಣಿತಾಕ್ಷರಕ್ಕೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ. ಎದುರಿಗೆ ನೂರಾರು ಖಾನೆಗಳು. ಅಚ್ಚಾದ ಮೇಲೆ ಜೋಡಿಸಿದುದನ್ನೆಲ್ಲ ಬಿಚ್ಚಿ ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಿಂದಿರುಗಿಸಬೇಕು. ನಿಂತು ನಿಂತು ಮಾವನ ಕಾಲಿನ ನರಗಳು ಉಬ್ಬಿದ್ದವು.

ಕಂಪ್ಯೂಟರ್ ಬಂದು ಮೊಳೆಗಳಿಗೆ ಬೆಲೆಯಿಲ್ಲದಂತಾಯಿತು. 2001ರಲ್ಲಿ ಅಚ್ಚುಕೂಟ ಮುಚ್ಚಿತು. ಯಜಮಾನರು ಐದು ತಿಂಗಳ ಪಗಾರವನ್ನು ಬಾಕಿ ಉಳಿಸಿಕೊಂಡು ಬಾಗಿಲು ಹಾಕಿಸಿದರು. ಬೀಗದ ಕೈ ಮಾತ್ರ ಎಂದಿನಂತೆ ಮಾವನ ಬಳಿಯಲ್ಲಿಯೇ ಉಳಿಯಿತು. ಒಳಗೆ ನಾಲ್ಕು ಕ್ವಿಂಟಲಿಗೂ ಮಿಗಿಲಾದ ಮೊಳೆಗಳು. ಅಕ್ಷರವಾಗಿ ಬೆಲೆಯಿಲ್ಲದಿದ್ದರೂ ಸೀಸವಾಗಿ ಅವಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಜೊತೆಯ ಕೆಲಸಗಾರರು ರಾತ್ರಿ ಮನೆಗೆ ಬಂದು, ನಮ್ಮ ಬೆವರಿನ ಹಣವನ್ನು ನಾವು ಸೀಸದಲ್ಲಿ ತೆಗೆದುಕೊಂಡರೆ ಕಳವು ಹೇಗಾದೀತು ಎಂದು ವಾದಿಸಿದರು. ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಅತ್ತೆಯೂ ಏನೂ ಹೇಳದೆ ನಿಂತಿದ್ದರು. ಮನೆಯಲ್ಲಿ ಆ ವಾರದ ಜೋಳ ಕಡವಾಗಿ ಬಂದಿತ್ತು.

ಮಾವ ಮರುದಿನ ತಕ್ಕಡಿ ತರಿಸಿದರು. ಜೊತೆಯವರ ಎದುರಿನಲ್ಲಿಯೇ ಮೊಳೆಗಳನ್ನೆಲ್ಲ ತೂಗಿಸಿ, ಯಾವ ಅಳತೆಯ ಅಕ್ಷರ ಎಷ್ಟು ಕಿಲೋ ಎಂದು ಪಟ್ಟಿ ಬರೆದು, ಬೀಗದ ಕೈಯೊಡನೆ ಯಜಮಾನರಿಗೆ ಒಪ್ಪಿಸಿ ಬಂದರು. ಹದಿಮೂರು ವರ್ಷದ ಹುಡುಗನಾಗಿದ್ದ ನಾನು, "ಮಾಮಾ, ನಿಮ್ಮ ರೊಕ್ಕ ಅವರು ಕೊಡಲಿಲ್ಲಲ್ಲ?" ಎಂದು ಕೇಳಿದೆ. ಅವರೆಂದರು: "ನನ್ನ ಪಗಾರ ಅವರ ಹಂತೇಕ ಉಳದೈತಿ, ಅವರ ಸೀಸ ನನ್ನ ಹಂತೇಕ ಉಳದಿತ್ತು. ಎರಡೂ ಬ್ಯಾರೆ ಬ್ಯಾರೆ ಲೆಕ್ಕ, ತಮ್ಮಾ. ನನ್ನ ಕಡೀದು ನಾ ಚುಕ್ತಾ ಮಾಡಿದೆ."

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದೊಂದು ನೀತಿಪಾಠವಾಗುತ್ತಿತ್ತು. ಮಾವ ಅಲ್ಲಿಗೆ ಬಿಡಲಿಲ್ಲ. ದೇವರು ನೋಡಿಕೊಳ್ಳುತ್ತಾನೆಂದು ಮನೆಯಲ್ಲಿ ಕೂರಲಿಲ್ಲ. ಪ್ರತಿ ಶನಿವಾರ ಸಂಜೆ ಒಗೆದ ಅಂಗಿ ತೊಟ್ಟು ಯಜಮಾನರ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ತಮ್ಮದಷ್ಟೇ ಅಲ್ಲ, ಎಲ್ಲ ಆರು ಮಂದಿಯ ಬಾಕಿಯ ಪಟ್ಟಿ ಅವರ ಕಿಸೆಯಲ್ಲಿರುತ್ತಿತ್ತು. ವರ್ಷವೊಂದು ಕಳೆಯುವುದರೊಳಗೆ ಮೂರು ತಿಂಗಳ ಪಗಾರ ಕಂತು ಕಂತಾಗಿ ಬಂತು. ಉಳಿದ ಎರಡು ತಿಂಗಳದ್ದು ಬರಲೇ ಇಲ್ಲ. ಹಕ್ಕನ್ನು ಕೇಳುವುದು ಬೇರೆ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವುದು ಬೇರೆ ಎಂಬುದನ್ನು ನಾನು ಕಲಿತದ್ದು ಆ ಶನಿವಾರಗಳಿಂದ.

ನಡತೆಯ ಪರೀಕ್ಷೆಯಲ್ಲಿ ಹೀಗೆ ಗೆದ್ದವರಿಗೂ ಅದಕ್ಕಿಂತ ಕಠಿಣವಾದ ಪರೀಕ್ಷೆ ಕಾದಿತ್ತು. ಮಾವನ ಒಬ್ಬಳೇ ಮಗಳು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆ ಸೇರಿದಳು. ಆರು ವಾರಗಳ ಕಾಲ ಮಾವ ಪ್ರತಿ ರಾತ್ರಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ದೇವರನ್ನು ಬೇಡಿದರು. ಬೇಡಿದ್ದು ಸಿಗಲಿಲ್ಲ. ಮಗಳು ಹೋದಳು. ಸಂತೈಸಲು ಬಂದ ಹಿರಿಯರೊಬ್ಬರು, "ದೇವರ ಚಿತ್ತ" ಎಂದಾಗ ಮಾವ ತಲೆಯೆತ್ತಿ ನೋಡಿ, "ಅದು ನಾ ಹೇಳಬೇಕಾದ ಮಾತ್ರೀ. ಹೇಳೂ ಶಕ್ತಿ ಬಂದ ದಿನ ಹೇಳತೀನಿ" ಎಂದರು.

ಎಷ್ಟೋ ತಿಂಗಳು ಆ ಮನೆಯ ಪ್ರಾರ್ಥನೆಯಲ್ಲಿ ಅವರ ಧ್ವನಿ ಕೇಳಲಿಲ್ಲ. ಅತ್ತೆ ಪ್ರಾರ್ಥಿಸುವರು, ಮಾವ ತಲೆ ಬಾಗಿಸಿ ಕೂರುವರು. ಆದರೆ ಮಗಳಿಗೆಂದು ತಂದು ಮಿಕ್ಕಿದ್ದ ಔಷಧಗಳನ್ನು ಅವರು ಮೂರನೆಯ ದಿನವೇ ಆಸ್ಪತ್ರೆಗೆ ಹಿಂದಿರುಗಿಸಿ ಬಂದಿದ್ದರು. ಪಕ್ಕದ ಹಾಸಿಗೆಯ ಹುಡುಗನಿಗೆ ವಾರಕ್ಕೆರಡು ಬಾರಿ ಗಂಜಿ ಒಯ್ದು ಕೊಡುತ್ತಿದ್ದರು. ತುಟಿಗೆ ಬಾರದ ಪ್ರಾರ್ಥನೆ ಕಾಲಿಗೆ ಬಂದಿತ್ತು. ಮತ್ತೆ ಒಂದು ರಾತ್ರಿ, ಯಾವ ಹಬ್ಬವೂ ಅಲ್ಲದ ಒಂದು ರಾತ್ರಿ, ಅತ್ತೆಯ ಪ್ರಾರ್ಥನೆ ಮುಗಿದ ಮೇಲೆ ಮಾವ ಮಗಳ ಹೆಸರು ಹೇಳಿ, "ನಿನ್ನ ಕೈಗೆ ಒಪ್ಪಿಸೀನಿ" ಎಂದರಂತೆ. ಅತ್ತೆ ಇದನ್ನು ನನಗೆ ಹೇಳಿದಾಗ ಅವರ ಕಣ್ಣಿನಲ್ಲಿ ನೀರಿತ್ತು; ಮುಖದಲ್ಲಿ ಮಾತ್ರ ದುಃಖವಿರಲಿಲ್ಲ.

ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೂ ಮೊದಲು ಬೇಡಿದವನೇ. ಆ ಪಾತ್ರೆ ತನ್ನಿಂದ ತೊಲಗಲಿ ಎಂದು ಮೂರು ಬಾರಿ ಕೇಳಿಕೊಂಡನೆಂದು ಮತ್ತಾಯನ ಸುವಾರ್ತೆ ತಿಳಿಸುತ್ತದೆ. ತನ್ನ ಇಷ್ಟವನ್ನು ಮುಚ್ಚಿಡದೆ ತಂದೆಯ ಮುಂದೆ ತೆರೆದಿಟ್ಟು, ಆಮೇಲೆ ತಂದೆಯ ಇಷ್ಟಕ್ಕೆ ಬಿಟ್ಟನು. ಬಯಕೆಯೇ ಇಲ್ಲದವನು ಒಪ್ಪಿಸುವುದಾದರೂ ಏನನ್ನು? ಇದು ಗೀತೆಯ ನಿಷ್ಕಾಮಕರ್ಮವೇ ಅಲ್ಲವೆ ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದ್ದುಂಟು. ನೆರೆಮನೆಯ ಮಾತು ಎಂದೆ. ಫಲದ ಆಸೆ ಬಿಡುವುದರಲ್ಲಿ ಎರಡೂ ಕೈಕೈ ಹಿಡಿದು ನಡೆಯುತ್ತವೆ. ಆದರೆ ಕ್ರೈಸ್ತನು ಆಸೆಯನ್ನು ಅಳಿಸಿಕೊಂಡು ಬರಬೇಕಾಗಿಲ್ಲ. ಅದನ್ನೂ ಕಣ್ಣೀರನ್ನೂ ಕೈಯಲ್ಲಿ ಹಿಡಿದುಕೊಂಡೇ ತಂದೆಯ ಬಳಿಗೆ ಬರಬಹುದು.

ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ದೇವರಾತ್ಮನಿಂದ ಉಂಟಾಗುವ ಒಂಬತ್ತು ಗುಣಗಳನ್ನು ಎಣಿಸುತ್ತಾನೆ. ಗುಣಗಳು ಒಂಬತ್ತಾದರೂ 'ಫಲ' ಎಂಬ ಪದ ಮಾತ್ರ ಏಕವಚನದಲ್ಲಿದೆ. ಅವುಗಳಲ್ಲಿ ಒಂದಕ್ಕೆ ಕನ್ನಡ ಬೈಬಲ್ 'ದೀರ್ಘಶಾಂತಿ' ಎಂಬ ಪದವನ್ನು ಬಳಸಿದೆ. ಕೇವಲ ತಾಳ್ಮೆಯಲ್ಲ, ಉದ್ದಕ್ಕೂ ಬಾಳುವ ಶಾಂತಿ. ವರ್ಷಗಟ್ಟಲೆ ಚೀಟಿ ಬರೆದ ನಿಘಂಟುಕಾರರಲ್ಲಿಯೂ ಶನಿವಾರಗಳನ್ನು ಎಣಿಸಿದ ಮೊಳೆಗಾರರಲ್ಲಿಯೂ ನಾನು ಕಂಡದ್ದು ಅದನ್ನೇ. ಫಲವೆಂಬುದು ಮರ ಹಟ ಹಿಡಿದು ಮಾಡುವ ಕೆಲಸವಲ್ಲ. ಬೇರು ನೀರಿನಲ್ಲಿದ್ದರೆ ಕಾಲಕ್ಕೆ ತಕ್ಕಂತೆ ಬರುತ್ತದೆ. ಆದರೆ ಫಲವೇ ಕಾಣದ ಮರದ ಬುಡದಲ್ಲಿ ನಿಂತು ಬೇರಿನ ಮಹಿಮೆಯನ್ನು ಹಾಡಿದರೆ ಕೇಳುವವರು ಯಾರು?

ಓದುಗರೆ, ದೇವರಿಗೆ ಬದುಕನ್ನು ಒಪ್ಪಿಸುವುದು ಒಂದು ದಿನದ ಮಾತಲ್ಲ. ಅಂಗಡಿಯವನಿಗೆ ಅದು ತಕ್ಕಡಿಯ ಮುಳ್ಳು, ಅಧ್ಯಾಪಕನಿಗೆ ಉತ್ತರಪತ್ರಿಕೆಯ ಮೇಲಿನ ಅಂಕ, ಸಾಲ ಕೊಟ್ಟವನಿಗೆ ಬಡ್ಡಿಯ ದರ, ರೋಗಿಯ ಮನೆಯವರಿಗೆ ನಾಳೆಯ ಬೆಳಗು. ಇವುಗಳಲ್ಲಿ ನಮ್ಮ ಪಾಲಿನದನ್ನು ಚುಕ್ತಾ ಮಾಡುವುದು ನಮ್ಮ ಕೆಲಸ. ಮಿಕ್ಕುದನ್ನು ಕೂಡಿಸಿ ಕಳೆಯುವವನು ಬೇರೊಬ್ಬನಿದ್ದಾನೆ. ಮಾವನ ಎರಡು ತಿಂಗಳ ಪಗಾರ ಇಂದಿಗೂ ಬಾಕಿಯಿದೆ. ಅದರ ಮಾತು ಬಂದಾಗ ಅವರು ನಗುತ್ತಾರೆ. ಮರೆತವರಂತಲ್ಲ, ಭದ್ರವಾದ ಕಡೆ ಇಟ್ಟವರಂತೆ.