ಸ್ಟೋನ್‌ಹೆಂಜಿನ ಶಿಲಾವಲಯದಲ್ಲಿ

ಇಂಗ್ಲೆಂಡಿನ ದಕ್ಷಿಣದಲ್ಲಿ ವಿಲ್ಟ್‌ಷೈರ್ ಎಂಬ ಪ್ರಾಂತವುಂಟು. ಅಲ್ಲಿಯ ಸಾಲ್ಸ್‌ಬರಿ ಬಯಲಿನ ಹುಲ್ಲುಗಾವಲ ನಡುವೆ ಸ್ಟೋನ್‌ಹೆಂಜ್ ಎಂಬ ಶಿಲಾವಲಯವು ನಿಂತಿದೆ. ಅದರ ಸುತ್ತಣ ಅಗಳನ್ನು ತೋಡಿದುದು ಸುಮಾರು ೫,೦೦೦ ವರ್ಷಗಳ ಹಿಂದೆ. ಹೆಗ್ಗಲ್ಲುಗಳನ್ನು ನಿಲ್ಲಿಸಿದುದು ಕ್ರಿಸ್ತಪೂರ್ವ ೨೫೦೦ರ ಸುಮಾರಿಗೆ. ಕಟ್ಟಿದ ಜನರಿಗೆ ಬರೆಹವು ತಿಳಿದಿರಲಿಲ್ಲ. ಆದುದರಿಂದ ಅಲ್ಲಿ ಒಂದು ಶಾಸನವೂ ಇಲ್ಲ. ಇಂತಹ ಸ್ಥಳಕ್ಕೆ ಹೋದವರಿಗೆ ವಿವರಿಸಿ ಹೇಳುವವರು ಬೇಕೇ ಬೇಕು. ಈಗ ಆ ಕೆಲಸವನ್ನು ಧ್ವನಿಮಾರ್ಗದರ್ಶಿಯು ಮಾಡುತ್ತಿದೆ.

ಸಂದರ್ಶಕರಿಗಾಗಿ ೨೦೧೩ರಲ್ಲಿ ತೆರೆದ ಕೇಂದ್ರವು ಕಲ್ಲುಗಳಿಂದ ಎರಡೂವರೆ ಕಿಲೋಮೀಟರಿನಷ್ಟು ದೂರದಲ್ಲಿದೆ. ನಾವು ಐದು ಜನ ವಿವರಣೆಯನ್ನು ನಮ್ಮ ನಮ್ಮ ಮೊಬೈಲುಗಳಿಗೆ ಇಳಿಸಿಕೊಂಡು, ಬಸ್ಸಿನಲ್ಲಿ ಹೋಗಿ ಇಳಿದೆವು. ಕಲ್ಲುಗಳನ್ನು ಮುಟ್ಟುವಂತಿಲ್ಲ, ಹಗ್ಗ ಕಟ್ಟಿದ ದಾರಿಯಲ್ಲಿ ಸುತ್ತಿ ಬರಬೇಕು. ಬೇಕಾದಲ್ಲಿ ನಿಂತು ಕೇಳಬಹುದು, ತಿಳಿಯದಿದ್ದರೆ ಇನ್ನೊಮ್ಮೆ ಕೇಳಬಹುದು. ಅವಸರಪಡಿಸುವವರಿಲ್ಲ ಎಂಬುದೇ ಇದರ ದೊಡ್ಡ ಸುಖ.

ತಿಳಿಯಬೇಕಾದುದೂ ಬಹಳವಿದೆ. ಹೊರವಲಯದಲ್ಲಿ ನಿಂತಿರುವ ಕಲ್ಲುಗಳ ತೂಕ ಸರಾಸರಿ ೨೫ ಟನ್ನು. ಅವುಗಳಲ್ಲಿ ಹೆಚ್ಚಿನವು ೨೫ ಕಿಲೋಮೀಟರು ಉತ್ತರಕ್ಕಿರುವ ಕಾಡಿನಿಂದ ಬಂದುವೆಂದು ೨೦೨೦ರಲ್ಲಿ ಗೊತ್ತಾಯಿತು. ಒಳಗಿನ ಚಿಕ್ಕ ನೀಲಿಗಲ್ಲುಗಳು ವೇಲ್ಸ್ ದೇಶದ ಬೆಟ್ಟಗಳಿಂದ, ೨೦೦ ಕಿಲೋಮೀಟರಿಗೂ ದೂರದಿಂದ ಬಂದವು. ನಡುವೆ ಬಿದ್ದಿರುವ ‘ಬಲಿಪೀಠದ ಕಲ್ಲು’ ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದೆಂದು ವಿದ್ವಾಂಸರು ೨೦೨೪ರಲ್ಲಿ ಪ್ರಕಟಿಸಿದರು. ಆ ದೂರವು ಕಡಮೆಯೆಂದರೂ ೭೦೦ ಕಿಲೋಮೀಟರು. ಬಡಗಿಯು ಮರವನ್ನು ಜೋಡಿಸುವಂತೆ, ನಿಂತ ಕಲ್ಲಿನ ತಲೆಯಲ್ಲಿ ಗುಬುಟನ್ನೂ ಅಡ್ಡಗಲ್ಲಿನ ಅಡಿಯಲ್ಲಿ ಅದಕ್ಕೆ ತಕ್ಕ ಕುಳಿಯನ್ನೂ ಕೊರೆದು ಕೂಡಿಸಿದ್ದಾರೆ. ಬೇಸಗೆಯ ಅತಿ ದೀರ್ಘ ದಿನದ ಸೂರ್ಯೋದಯಕ್ಕೂ ಚಳಿಗಾಲದ ಅತಿ ಹ್ರಸ್ವ ದಿನದ ಸೂರ್ಯಾಸ್ತಕ್ಕೂ ಈ ರಚನೆಯು ನೇರವಾಗಿದೆ.

ಇಷ್ಟೆಲ್ಲವನ್ನು ತಿಳಿಯುತ್ತಿದ್ದ ನಮ್ಮನ್ನು ದೂರದಿಂದ ನೋಡಿದವರು ಒಂದೇ ಮನೆಯವರೆಂದು ಎಣಿಸುತ್ತಿರಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ. ಎಲ್ಲರ ಕಿವಿಯೂ ತುಂಬಿತ್ತು, ಬಾಯಿ ಮುಚ್ಚಿತ್ತು. ಇಂಗ್ಲಿಷ್ ಬಾರದ ನಮ್ಮ ತಾಯಿಯವರು ಮಾತ್ರ ಸೆರಗನ್ನು ಗಾಳಿಗೆ ಹಾರದಂತೆ ಹಿಡಿದು ಸುಮ್ಮನೆ ನಿಂತಿದ್ದರು. ಅದನ್ನು ಕಂಡ ಮೊಮ್ಮಗಳು ತನ್ನ ಯಂತ್ರವನ್ನು ನಿಲ್ಲಿಸಿ, ಕೇಳಿದುದನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದಳು. ಕಲ್ಲಿನ ತೂಕ, ಬಂದ ದಾರಿ, ಸೂರ್ಯನ ಲೆಕ್ಕ ಎಲ್ಲವನ್ನೂ ತಾಯಿಯವರು ಕೇಳಿದರು. ಕೊನೆಗೆ, “ಅಷ್ಟು ದೂರದಿಂದ ಕಲ್ಲು ಎಳೆದುಕೊಂಡು ಬಂದವರಿಗೆ ಅಡಿಗೆ ಮಾಡಿ ಬಡಿಸಿದವರು ಯಾರೇ? ಅದನ್ನೂ ಕೇಳಿ ಹೇಳು,” ಎಂದರು.

“ಅಜ್ಜಿ, ಇದು ತಾನಾಗಿ ಹೇಳುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ,” ಎಂದಳು ಹುಡುಗಿ.

ಆ ಪ್ರಶ್ನೆಗೆ ಉತ್ತರವಿಲ್ಲದಿಲ್ಲ. ಮೂರು ಕಿಲೋಮೀಟರು ಆಚೆ ಡರಿಂಗ್ಟನ್ ವಾಲ್ಸ್ ಎಂಬಲ್ಲಿ ಅದೇ ಕಾಲದ ಊರೊಂದನ್ನು ಅಗೆದು ತೆಗೆದಿದ್ದಾರೆ. ವಲಯವನ್ನು ಕಟ್ಟಿದವರು ಅಲ್ಲಿ ವಾಸವಾಗಿದ್ದರೆಂದು ವಿದ್ವಾಂಸರ ಊಹೆ. ಹಂದಿ ಮತ್ತು ದನಗಳ ಎಲುಬುಗಳು ಅಲ್ಲಿ ರಾಶಿಯಾಗಿ ದೊರೆತುವು. ಚಳಿಗಾಲದಲ್ಲಿ ದೊಡ್ಡ ಔತಣಗಳು ನಡೆದುವೆಂಬುದಕ್ಕೆ ಅವೇ ಗುರುತು. ಆ ಮನೆಗಳ ಮಾದರಿಯಲ್ಲಿ ಕಟ್ಟಿದ ಐದು ಹುಲ್ಲುಮನೆಗಳು ಸಂದರ್ಶಕರ ಕೇಂದ್ರದ ಬಳಿಯಲ್ಲೇ ಇವೆ. ಹಿಂತಿರುಗಿದ ಮೇಲೆ ನಾವೆಲ್ಲರೂ ಒಟ್ಟಿಗೆ ಅವುಗಳೊಳಗೆ ಹೊಕ್ಕೆವು. ಸುಣ್ಣದಕಲ್ಲಿನ ಮಣ್ಣು ಮೆತ್ತಿದ ಗೋಡೆ, ನಡುವೆ ಒಲೆ. ತಾಯಿಯವರು ಒಲೆಯ ಪಕ್ಕದಲ್ಲಿ ಬಾಗಿ, ಹೊಗೆ ಹೋಗುವ ದಾರಿ ಯಾವುದೆಂದು ಮೇಲೆ ನೋಡಿದರು. ಅಲ್ಲಿ ನಮ್ಮ ಮಾತಿಗೆ ತಡೆಯಿರಲಿಲ್ಲ.

ಮನೆಮಂದಿಯೊಡನೆ ಇಂತಹ ಸ್ಥಳಗಳಿಗೆ ಹೋಗುವ ವಾಚಕರು ಧ್ವನಿಮಾರ್ಗದರ್ಶಿಯನ್ನು ಖಂಡಿತವಾಗಿ ಬಳಸಲಿ; ಅದರಿಂದ ದೊರೆಯುವ ತಿಳಿವಳಿಕೆ ಸಣ್ಣದಲ್ಲ. ಆದರೆ ಒಂದೊಂದು ಭಾಗವನ್ನು ಕೇಳಿದ ಮೇಲೆ ಅದನ್ನು ಕಿವಿಯಿಂದ ತೆಗೆದು, ಜೊತೆಯಲ್ಲಿರುವ ಹಿರಿಯರಿಗೂ ಮಕ್ಕಳಿಗೂ ಮಾತಿನ ಸರದಿಯನ್ನು ಕೊಡಲಿ. ಅವರು ಕೇಳುವ ಪ್ರಶ್ನೆಯು ನೋಡಬೇಕಾದ ಇನ್ನೊಂದು ಸ್ಥಳವನ್ನು ತೋರಿಸಿಕೊಟ್ಟೀತು.